ಹೆಸರಿಲ್ಲದ ಗಾಳಿ, ಹದಿನಾರು ರೂಪಾಯಿಯ ಮರ

ಚಂಡಮಾರುತಕ್ಕೆ ಒಂದು ಹೆಸರಿರುತ್ತೆ. 2021ರ ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದದ್ದಕ್ಕೆ ತೌಕ್ತೆ ಅಂತ ಹೆಸರು. ಮ್ಯಾನ್ಮಾರ್ ದೇಶ ಕೊಟ್ಟ ಹೆಸರದು, ಹಲ್ಲಿ ಅಂತ ಅರ್ಥವಂತೆ. ಮೇ 14ರ ಹೊತ್ತಿಗೆ ಲಕ್ಷದ್ವೀಪದ ಹತ್ತಿರ ಬಲ ಕೂಡಿಸಿಕೊಂಡಿತು, 17ರ ರಾತ್ರಿ ಗುಜರಾತಿನ ದಡಕ್ಕೆ ಅಪ್ಪಳಿಸಿತು. ಅಷ್ಟೂ ದಿನ ಟಿವಿ ಪರದೆ ಮೇಲೆ ಅದು ಸುತ್ತುತ್ತಲೇ ಇತ್ತು. ಈಗ ಎಲ್ಲಿದೆ, ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತೆ, ಮೀನುಗಾರರು ಯಾವಾಗ ದಡ ಸೇರಬೇಕು, ಎಲ್ಲ ಗೊತ್ತಿತ್ತು.

ಈಗ ಇನ್ನೊಂದು ಗಾಳಿಯ ವಿಷಯಕ್ಕೆ ಬರ್ತೀನಿ. ಅದಕ್ಕೆ ಹೆಸರಿಲ್ಲ, ಮುನ್ಸೂಚನೆ ಇಲ್ಲ, ಪರದೆ ಮೇಲೆ ಚಿತ್ರವೂ ಇಲ್ಲ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕಿನ ಯಾವ ಕೃಷಿಕರನ್ನು ಬೇಕಾದರೂ ಕೇಳಿ ನೋಡಿ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳು. ಬೆಳಗ್ಗಿನಿಂದ ವಿಪರೀತ ಸೆಕೆ. ಸಂಜೆ ನಾಲ್ಕು ಗಂಟೆಗೆ ಮೂಡು ದಿಕ್ಕು, ಅಂದ್ರೆ ಘಟ್ಟದ ಕಡೆ, ಕಪ್ಪಾಗುತ್ತೆ. ಅಂಗಳದಲ್ಲಿ ಹರಡಿದ ಅಡಿಕೆ ರಾಶಿ ಮಾಡಿ ಟಾರ್ಪಾಲು ಮುಚ್ಚೋಣ ಅಂತ ಮನೆಮಂದಿಯೆಲ್ಲ ಓಡ್ತಾರೆ. ಅಷ್ಟರಲ್ಲಿ ತಣ್ಣನೆಯ ಒಂದು ಗಾಳಿ. ಅಬ್ಬ, ತಂಪಾಯ್ತು ಅನ್ನೋದರೊಳಗೆ ಟಾರ್ಪಾಲು ಕೈಯಿಂದ ಕಿತ್ತುಕೊಂಡು ಹೋಗಿರುತ್ತೆ. ತೋಟದ ಕಡೆಯಿಂದ ಪಟಪಟ ಸದ್ದು. ಪಟಾಕಿ ಅಲ್ಲ ಸ್ವಾಮಿ, ಅಡಿಕೆ ಮರಗಳು ನಡು ಮುರಿಯೋ ಸದ್ದು. ಹತ್ತು ನಿಮಿಷ, ಕೆಲವೊಮ್ಮೆ ಅದೂ ಇಲ್ಲ. ಆಮೇಲೆ ಮಳೆ, ಕತ್ತಲೆ. ಕರೆಂಟಿಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ. ಪಕ್ಕದ ಮನೆಯವರು ಹೇಗಿದ್ದಾರೆ ಅಂತ ತಿಳಿಯೋಕೂ ಟಾರ್ಚ್ ಹಿಡ್ಕೊಂಡು, ಬಿದ್ದ ಮರಗಳನ್ನು ದಾಟಿಕೊಂಡು ಹೋಗಬೇಕು.

ಮಾರನೇ ದಿನ ಎಲ್ಲ ಕಡೆ ಒಂದೇ ತಲೆಬರಹ. ಸುಂಟರಗಾಳಿಗೆ ತೋಟ ನಾಶ. ಅದು ನಿಜವಾಗಿ ಸುಂಟರಗಾಳಿಯೇ? ಬಹುತೇಕ ಸಲ ಅಲ್ಲ. ಇದೇನು ಪದದ ಜಗಳ, ಮರ ಬಿದ್ದಿದ್ದು ನಿಜ ತಾನೆ ಅಂತ ನೀವು ಕೇಳಬಹುದು. ಆದರೆ ಗಾಳಿ ಯಾವುದು ಅಂತ ಗೊತ್ತಾದರೆ ಅದು ಎಲ್ಲಿಂದ ಬಂತು, ಯಾಕೆ ಮೊದಲೇ ಗೊತ್ತಾಗಲಿಲ್ಲ, ಪರಿಹಾರದ ಕಾಗದದಲ್ಲಿ ಯಾಕೆ ಕಳೆದುಹೋಗುತ್ತೆ, ಎಲ್ಲವೂ ಒಂದೊಂದಾಗಿ ಬಿಡಿಸಿಕೊಳ್ಳುತ್ತೆ.

ಈ ಮೂರು ತಾಲೂಕಿನ ನೆಲ ನೋಡಿ. ಪುತ್ತೂರು ಮಂಗಳೂರಿನಿಂದ 50 ಕಿ.ಮೀ. ಆಸುಪಾಸು. ಪುತ್ತೂರು, ಸುಳ್ಯ ಪೇಟೆಗಳೆಲ್ಲ ಸಮುದ್ರ ಮಟ್ಟದಿಂದ ಹೆಚ್ಚುಕಮ್ಮಿ ನೂರು ಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಮುಂದೆ ಸುಬ್ರಹ್ಮಣ್ಯಕ್ಕೆ ಹೋದ್ರೆ ಎದುರಿಗೆ ಕುಮಾರ ಪರ್ವತ, 1,712 ಮೀಟರ್. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗೋಡೆ. ಬೇಸಿಗೆಯಲ್ಲಿ ನೆಲ ಕಾಯುತ್ತೆ, ಸಮುದ್ರದ ತೇವದ ಗಾಳಿ ಒಳನಾಡಿಗೆ ನುಗ್ಗುತ್ತೆ, ಘಟ್ಟಕ್ಕೆ ಬಡಿದು ಮೇಲೇರುತ್ತೆ. ಮಧ್ಯಾಹ್ನ ಕಳೆಯುವಾಗ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಗುಡುಗು ಮೋಡ ತಯಾರು. ಬೇಸಿಗೆಯಲ್ಲಿ ಮೇಲಿನ ಗಾಳಿ ಸಾಮಾನ್ಯವಾಗಿ ಮೂಡಣದಿಂದ ಪಡುವಣಕ್ಕೆ ಬೀಸುತ್ತೆ. ಹೀಗಾಗಿ ಘಟ್ಟದಲ್ಲಿ ಹುಟ್ಟಿದ ಮೋಡ ತಿರುಗಿ ಕೆಳಗಿನ ಊರುಗಳ ಕಡೆಗೇ ಬರುತ್ತೆ. ಜೂನ್ ಮಳೆ ಪಡುವಣದಿಂದ ಬರೋದು, ಮೇ ಮಳೆ ಮೂಡಣದಿಂದ. ಇದನ್ನು ಆ ಕಡೆಯ ಹಿರಿಯರು ಯಾವ ಹವಾಮಾನ ಪುಸ್ತಕವನ್ನೂ ಓದದೆ ಹೇಳ್ತಾರೆ.

ಈ ಮೋಡದ ಹೊಟ್ಟೆಯಲ್ಲಿ ಟನ್‌ಗಟ್ಟಲೆ ನೀರು, ಆಲಿಕಲ್ಲು. ಅದು ಬೀಳೋಕೆ ಶುರುವಾದಾಗ ಸುತ್ತಲಿನ ಗಾಳಿಯನ್ನೂ ಕೆಳಕ್ಕೆ ಎಳೆಯುತ್ತೆ. ದಾರಿಯಲ್ಲಿ ಒಂದಷ್ಟು ಹನಿ ಆವಿಯಾಗುತ್ತೆ. ಆವಿಯಾದಾಗ ಗಾಳಿ ತಣ್ಣಗಾಗುತ್ತೆ, ತಣ್ಣಗಾದ ಗಾಳಿ ಭಾರ, ಭಾರವಾದದ್ದು ಇನ್ನೂ ಜೋರಾಗಿ ಬೀಳುತ್ತೆ. ಮಣ್ಣಿನ ಮಡಕೆಯ ನೀರು ತಣ್ಣಗಿರೋದು ಇದೇ ಕಾರಣಕ್ಕೆ. ಆ ಗಾಳಿಯ ಕಂಬ ನೆಲಕ್ಕೆ ಬಡಿದಾಗ ಏನಾಗುತ್ತೆ? ಒಂದು ಕೊಡ ನೀರನ್ನು ಮೇಲಿನಿಂದ ಅಂಗಳಕ್ಕೆ ಸುರಿದು ನೋಡಿ. ಬಿದ್ದ ಜಾಗದಿಂದ ನೀರು ಸುತ್ತಲೂ ಚಿಮ್ಮಿ ಓಡುತ್ತೆ ಅಲ್ವಾ? ಗಾಳಿಯೂ ಹಾಗೇ. ಮೋಡ ಒಂದು ದಿಕ್ಕಿಗೆ ಸಾಗುತ್ತಿದ್ದರೆ ಚಿಮ್ಮುವುದು ಆ ದಿಕ್ಕಿಗೇ ಹೆಚ್ಚು. ಮೊದಲು ಬಂದ ಆ ತಂಪು ಗಾಳಿ ಇದರದ್ದೇ ಅಂಚು. ಹಾಯ್ ಅನಿಸುವ ಆ ಅರ್ಧ ನಿಮಿಷ ಒಳಗೆ ಓಡಬೇಕಾದ ಸಮಯ. ಇಂಗ್ಲಿಷಿನಲ್ಲಿ ಇದಕ್ಕೆ ಡೌನ್‌ಬರ್ಸ್ಟ್ ಅಂತಾರೆ. ಹರವು 4 ಕಿ.ಮೀ.ಗಿಂತ ಕಡಿಮೆ ಇದ್ದರೆ ಮೈಕ್ರೋಬರ್ಸ್ಟ್. ಕೆಲವೇ ನಿಮಿಷದಲ್ಲಿ ಹುಟ್ಟಿ ಮುಗಿಯುತ್ತೆ. ಸುಂಟರಗಾಳಿಯಲ್ಲಿ ಗಾಳಿ ತಿರುಗುತ್ತಾ ಮೇಲಕ್ಕೆ ಹೀರಿಕೊಳ್ಳುತ್ತೆ. ಇಲ್ಲಿ ಮೇಲಿನಿಂದ ಬಿದ್ದು ನೇರ ಗೆರೆಯಲ್ಲಿ ಗುಡಿಸಿಕೊಂಡು ಹೋಗುತ್ತೆ.

ಇದನ್ನು ಕಂಡುಹಿಡಿದವರು ಟೆಟ್ಸುಯಾ ಫುಜಿಟಾ ಅನ್ನುವ ಜಪಾನಿ ವಿಜ್ಞಾನಿ. ಅವರ ಕಥೆಯೇ ಒಂದು ವಿಚಿತ್ರ. 1945ರ ಆಗಸ್ಟ್ 9ರಂದು ಅವರಿದ್ದದ್ದು ಕೊಕುರಾ ಪ್ರದೇಶದಲ್ಲಿ. ಅವತ್ತು ಅಮೆರಿಕದ ಎರಡನೇ ಅಣುಬಾಂಬಿಗೆ ಮೊದಲ ಗುರಿ ಕೊಕುರಾನೇ. ನೆಲ ಕಾಣಿಸಲಿಲ್ಲ ಅಂತ ವಿಮಾನ ನಾಗಸಾಕಿಗೆ ಹೋಯಿತು. ಆಮೇಲೆ ಫುಜಿಟಾ ಬಾಂಬ್ ಬಿದ್ದ ಊರಿಗೆ ಹೋಗಿ, ಮರಗಳು ನಕ್ಷತ್ರದ ಕಿರಣಗಳ ಹಾಗೆ ಹೊರಮುಖವಾಗಿ ಬಿದ್ದದ್ದನ್ನು ನೋಡಿದರು. ಸುಮಾರು 30 ವರ್ಷದ ನಂತರ, 1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸಾಲು ಸಾಲು ಸುಂಟರಗಾಳಿ ಬಂದಾಗ ವಿಮಾನದಲ್ಲಿ ಕೂತು ಕಾಡಿನ ಮೇಲೆ ಸುತ್ತಿದರು. ಕೆಲವು ಕಡೆ ಮರಗಳು ಸುರುಳಿಯಾಗಿ ಬಿದ್ದಿರಲಿಲ್ಲ, ನಾಗಸಾಕಿಯ ಹಾಗೆ ಕಿರಣಗಳಂತೆ ಬಿದ್ದಿದ್ದವು. ಮರುವರ್ಷ 1975ರ ಜೂನ್ 24ರಂದು ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನವೊಂದು ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಮೋಡದಿಂದ ಬೀಳುವ ಗಾಳಿಯೇ ಅದನ್ನು ಕೆಳಕ್ಕೆ ತಳ್ಳಿತು ಅಂತ ಫುಜಿಟಾ ವಾದಿಸಿದರು. ಮೊದಲು ನಂಬದವರೂ ಕೊನೆಗೆ ಒಪ್ಪಿದರು. ಇವತ್ತು ನೀವು ವಿಮಾನದಲ್ಲಿ ಸುರಕ್ಷಿತವಾಗಿ ಇಳಿಯುವುದರ ಹಿಂದೆ ಬಿದ್ದ ಮರಗಳನ್ನು ಎಣಿಸಿದ ಈ ಮನುಷ್ಯ ಇದ್ದಾರೆ.

ನಮ್ಮ ದೇಶದಲ್ಲಿ 2018ರ ಮೇ 2ರ ರಾತ್ರಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಧೂಳಿನ ಬಿರುಗಾಳಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಸತ್ತದ್ದು ಗೋಡೆ, ಛಾವಣಿ, ಮರ ಮೈಮೇಲೆ ಬಿದ್ದು. ಅಲ್ಲಿಯೂ ಇದೇ ಗುಡುಗು ಮೋಡದ ಗಾಳಿ. ಅಲ್ಲಿ ನೆಲ ಒಣಗಿತ್ತು, ಧೂಳೆದ್ದಿತು. ನಮ್ಮಲ್ಲಿ ಹಸಿರು, ಅದಕ್ಕೆ ಮರ ಬೀಳುತ್ತೆ.

ಹಾಗಾದರೆ ಬಿರುಗಾಳಿ ಬಂದ ಮಾರನೇ ದಿನ ನಿಮ್ಮ ತೋಟದಲ್ಲಿ ನಿಂತು ನೀವೂ ಫುಜಿಟಾ ಆಗಬಹುದು. ಮರಗಳ ತಲೆ ಎಲ್ಲವೂ ಒಂದೇ ದಿಕ್ಕಿಗಿದೆಯೋ, ಬೀಸಣಿಗೆ ಬಿಡಿಸಿದ ಹಾಗಿದೆಯೋ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದೆಯೋ? ಅಡ್ಡಾದಿಡ್ಡಿ ಬಿದ್ದಿದ್ದು ಕಿರಿದಾದ ಒಂದೇ ಪಟ್ಟಿಯಲ್ಲಿದ್ದರೆ ಮಾತ್ರ ಸುಂಟರಗಾಳಿ ಅಂತ ಶಂಕಿಸಬೇಕು. ಉಳಿದದ್ದೆಲ್ಲ ಮೋಡದಿಂದ ಬಿದ್ದ ಗಾಳಿ.

ಹವಾಮಾನ ಇಲಾಖೆ ಯಾಕೆ ಹೇಳಲಿಲ್ಲ ಅಂತ ಎಲ್ಲರೂ ಕೇಳ್ತಾರೆ. ಹೇಳಿರುತ್ತೆ. ದಕ್ಷಿಣ ಕನ್ನಡ ಜಿಲ್ಲೆಯ ಒಂದೆರಡು ಕಡೆ ಗುಡುಗು ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ, ಯೆಲ್ಲೊ ಅಲರ್ಟ್. ಆ ಒಂದೆರಡು ಕಡೆ ಯಾವುದು? ಅದು ನಿಮ್ಮ ತೋಟವೋ ಹೊಳೆಯಾಚೆಯ ತೋಟವೋ ಅಂತ ಹಿಂದಿನ ದಿನ ಯಾರೂ ಹೇಳಲಾರರು. ನಾಲ್ಕೈದು ಕಿಲೋಮೀಟರ್ ಅಗಲದ, ಹತ್ತು ನಿಮಿಷ ಬದುಕುವ ಗಾಳಿ ಅದು. ಡಾಪ್ಲರ್ ರಾಡಾರ್ ಮೋಡದೊಳಗಿನ ಚಲನೆಯನ್ನು ಹಿಡಿಯುತ್ತೆ, ನಿಜ. ಆದರೆ ದೂರ ಹೋದಷ್ಟೂ ರಾಡಾರಿನ ಕಿರಣ ನೆಲ ಬಿಟ್ಟು ಮೇಲೇರುತ್ತೆ, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತೆ. ಸುಳ್ಯ ಕಡಬದ ಕಡೆ ಗುಡ್ಡಕ್ಕೆ ಬರವೇ? ಹಾಗಾಗಿ ಕೈಗೆ ಸಿಗೋದು ಮೂರು ಗಂಟೆಯ ಮುನ್ಸೂಚನೆ, ನೌಕಾಸ್ಟ್ ಅಂತಾರೆ, ಅಷ್ಟೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಮತ್ತು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಸುತ್ತಮುತ್ತ ಮಿಂಚು ಬೀಳುತ್ತಿದ್ದರೆ ಎಚ್ಚರಿಸುತ್ತವೆ. ಮಿಂಚು ನಿಮ್ಮ ಕಡೆ ಸರಿಯುತ್ತಿದೆ ಅಂದ್ರೆ ಆ ಮೋಡವೂ ಸರಿಯುತ್ತಿದೆ. ನೆನಪಿರಲಿ, ಇವು ಕೆಲಸ ಮಾಡಬೇಕಾದ್ರೆ ನೆಟ್‌ವರ್ಕ್ ಬೇಕು. ಕಡಬದ ಒಳಗಿನ ಎಷ್ಟೋ ಊರುಗಳಲ್ಲಿ ಮೋಡ ಇಲ್ಲದ ದಿನವೂ ಅದು ಸಿಗೋದು ಗುಡ್ಡ ಹತ್ತಿದ್ರೆ ಮಾತ್ರ.

ಗಾಳಿಯ ವೇಗ ದುಪ್ಪಟ್ಟಾದರೆ ಹೊಡೆತ ದುಪ್ಪಟ್ಟಾಗಲ್ಲ, ನಾಲ್ಕು ಪಟ್ಟಾಗುತ್ತೆ. 40 ಕಿ.ಮೀ. ಗಾಳಿಗೆ ತೂಗಾಡುವ ಮರ 80ಕ್ಕೆ ಮುರಿಯೋದು ಅದಕ್ಕೇ. ಮೊದಲ ಬಲಿ ಅಡಿಕೆ. ಐವತ್ತು ಅರವತ್ತು ಅಡಿ ಎತ್ತರ, ಒಂದು ಗೇಣೂ ದಪ್ಪ ಇಲ್ಲದ ಕಾಂಡ, ತಲೆ ಮೇಲೆ ಸೋಗೆ, ಗೊನೆಯ ಭಾರ. ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತೆ. ಮಾವಿನ ಕೊಂಬೆ ಮುರಿದರೆ ಪಕ್ಕದಲ್ಲಿ ಚಿಗುರುತ್ತೆ. ಅಡಿಕೆಗೆ ಇರೋದು ಒಂದೇ ತುದಿ. ಅದು ಹೋದ್ರೆ ಮರ ಹೋದ ಹಾಗೆ. ಅದಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯೂ ಹೋಯ್ತು. ಬೀಳುವಾಗ ಪಕ್ಕದ ಬಾಳೆ, ಕೊಕ್ಕೊ ಎರಡನ್ನೂ ಕರ್ಕೊಂಡು ಹೋಯ್ತು. ರಬ್ಬರ್ ಇನ್ನೂ ಸೂಕ್ಷ್ಮ, ಆ ಮರ ಬಲು ಪೆಡಸು. ಏಳು ವರ್ಷ ಸಾಕಿ ಟ್ಯಾಪಿಂಗ್ ಶುರು ಮಾಡುವ ಹೊತ್ತಿಗೆ ಗಾಳಿ ಬಂದರೆ ಸಾಲು ಸಾಲೇ ತುಂಡು.

ಹಾಗಾದರೆ ನಷ್ಟ ಎಷ್ಟು ಅಂತ ಲೆಕ್ಕ ಹಾಕೋದು ಹೇಗೆ? ಮರದ ಬೆಲೆ ಅಂದ್ರೆ ವರ್ಷಗಳ ಬೆಲೆ. ಇವತ್ತು ಸಸಿ ನೆಟ್ಟರೆ ಮೊದಲ ಹಿಂಗಾರ ಕಾಣೋಕೆ ಐದಾರು ವರ್ಷ, ಪೂರ್ತಿ ಇಳುವರಿಗೆ ಇನ್ನೂ ಕೆಲವು ವರ್ಷ. ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನು ಮೊದಲೇ ತಿಂದು ಹಾಕಿದೆ. ಅಲ್ಲಿ ಉಳಿದ ನಾಲ್ಕು ಒಳ್ಳೆ ಮರವನ್ನು ಗಾಳಿ ತೆಗೆದರೆ ಆ ಮನೆಯವರು ಏನನ್ನು ನಂಬಿಕೊಂಡು ಮತ್ತೆ ಗುಂಡಿ ತೋಡಬೇಕು?

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ ಒಪ್ಪಿದ ವಿಪತ್ತುಗಳ ಪಟ್ಟಿ ಒಂದಿದೆ. ಹನ್ನೆರಡು. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತದ ಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಮೋಡದಿಂದ ಆಲಿಕಲ್ಲು ಬಿದ್ದರೆ ಪಟ್ಟಿಯಲ್ಲಿದೆ. ಅದೇ ಮೋಡದಿಂದ ಗಾಳಿ ಬಿದ್ದರೆ ಇಲ್ಲ! ಸ್ಥಳೀಯ ವಿಪತ್ತು ಅಂತ ರಾಜ್ಯವೇ ಘೋಷಿಸಿ ನಿಧಿಯ ಶೇ. 10ರವರೆಗೆ ಬಳಸಬಹುದು, ಆ ಬಾಗಿಲು ಇದೆ. ಮಳೆಯ ಜೊತೆ ಬಂದ ಗಾಳಿ ಅಂತ ಮಳೆ ಹಾನಿಯ ಲೆಕ್ಕದ ಬೆನ್ನೇರಿ ಹೋಗುವ ದಾರಿಯೂ ಇದೆ. ಆದರೆ ಈ ಗಾಳಿ ಬರೋದು ಏಪ್ರಿಲ್‌ನಲ್ಲಿ. ಪ್ರವಾಹದ ಕಾಗದಗಳು ಓಡಾಡೋದು ಆಗಸ್ಟ್‌ನಲ್ಲಿ.

ಸರಿ, ದಾರಿ ಸಿಕ್ಕಿತು ಅಂದ್ಕೊಳ್ಳಿ. ಎಷ್ಟು ಸಿಗುತ್ತೆ? 2022-23ರಿಂದ 2025-26ರವರೆಗಿನ ಮಾರ್ಗಸೂಚಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ. ಎರಡು ಹೆಕ್ಟೇರಿನವರೆಗೆ ಮಾತ್ರ. ಹಾನಿ ಶೇ. 33 ಆಗಿರಬೇಕು. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿಗೆ ಹೆಚ್ಚುಕಮ್ಮಿ 1,370 ಮರ. ಭಾಗಿಸಿ ನೋಡಿ. ಒಂದು ಮರಕ್ಕೆ 16 ರೂಪಾಯಿ ಚಿಲ್ಲರೆ. ಹದಿನಾರು ರೂಪಾಯಿ! ಆ ಮರವನ್ನು ತುಂಡು ಮಾಡಿ ತೋಟದಿಂದ ಹೊರಗೆ ಹಾಕುವ ಕೂಲಿಗೂ ಸಾಲದು. 2021ರ ಮಳೆ ಹಾನಿಗೆ ರಾಜ್ಯ ಸರ್ಕಾರ ತನ್ನದೇ 10,000 ಸೇರಿಸಿ ಹೆಕ್ಟೇರಿಗೆ 28,000 ಮಾಡಿತ್ತು. ಮನಸ್ಸು ಮಾಡಿದ್ರೆ ಸೇರಿಸಬಹುದು ಅಂತ ಅದರಿಂದ ಗೊತ್ತಾಯ್ತು. ಆಗಲೂ ಮರಕ್ಕೆ 20 ರೂಪಾಯಿ.

ಆ 33ರ ಶರತ್ತು ಇನ್ನೊಂದು ತಮಾಷೆ. ಒಂದು ಎಕರೆಯಲ್ಲಿ 550 ಮರ ಇರುವವರ 150 ಮರ ಮುರಿಯಿತು ಅನ್ನಿ. ಅದು ಶೇ. 27. ನಿಯಮದ ಅಕ್ಷರ ಹಿಡಿದು ಕೂತರೆ ಆ ಬಡಪಾಯಿಗೆ ಏನೂ ಇಲ್ಲ. ವಾರ್ಷಿಕ ಬೆಳೆಗೆ ಮಾಡಿದ ಅಳತೆಗೋಲನ್ನು ಮೂವತ್ತು ವರ್ಷದ ಮರಕ್ಕೆ ಹಿಡಿದರೆ ಆಗೋದು ಇದೇ. ಭತ್ತದಲ್ಲಿ ಕಾಲು ಭಾಗ ಹೋದ್ರೆ ಈ ವರ್ಷದ ಕಾಲು ಭಾಗ ಹೋಯ್ತು. ಅಡಿಕೆಯಲ್ಲಿ ಕಾಲು ಭಾಗ ಹೋದ್ರೆ ಮುಂದಿನ ಏಳೆಂಟು ವರ್ಷದ ಕಾಲು ಭಾಗ ಹೋಯ್ತು. ಈ ವ್ಯತ್ಯಾಸ ನಿಯಮ ಬರೆದವರಿಗೆ ಗೊತ್ತಿಲ್ಲ ಅಂತ ನಾನು ನಂಬಲ್ಲ.

ಬೆಳೆ ವಿಮೆ ಇದೆಯಲ್ಲ ಅಂತೀರಿ. ಇದೆ. ಅಡಿಕೆಗೆ ಇರೋದು ಹವಾಮಾನ ಆಧಾರಿತ ವಿಮೆ. ಇತ್ತೀಚಿನ ವರ್ಷಗಳಲ್ಲಿ ಹೆಕ್ಟೇರಿಗೆ 6,400 ರೂಪಾಯಿ ರೈತ ಕಟ್ತಾನೆ, ವಿಮಾ ಮೊತ್ತ 1,28,000. ಕೃಷಿಕರಿಗೆ ಇದರಿಂದ ಎಷ್ಟೋ ವರ್ಷ ಒಳ್ಳೆ ದುಡ್ಡೂ ಬಂದಿದೆ, ಇಲ್ಲ ಅನ್ನಲ್ಲ. ಆದರೆ ಅದು ನೋಡೋದು ಪಂಚಾಯತಿನ ಮಳೆಮಾಪಕ ಮತ್ತು ಹವಾಮಾನ ಯಂತ್ರದ ಅಂಕಿಯನ್ನು. ಮಳೆ ಅತಿಯಾಯಿತೇ, ಕಡಿಮೆಯಾಯಿತೇ, ಸೆಕೆ ಮಿತಿ ಮೀರಿತೇ ಅಂತ. ನಿಮ್ಮ ತೋಟದಲ್ಲಿ ಎಷ್ಟು ಮರ ಬಿತ್ತು ಅಂತ ಎಣಿಸೋಕೆ ವಿಮೆಯವರು ಬರಲ್ಲ. ಗಾಳಿಗೆ ಇನ್ನೂರು ಮರ ಕಳೆದುಕೊಂಡವನಿಗೂ ಒಂದೂ ಕಳೆದುಕೊಳ್ಳದ ನೆರೆಯವನಿಗೂ ಸಿಗೋದು ಒಂದೇ ದರ.

ಮನೆಯ ವಿಷಯ ಬೇಗ ಹೇಳಿ ಮುಗಿಸ್ತೀನಿ. ಗಾಳಿ ಛಾವಣಿಯನ್ನು ತಳ್ಳೋದಕ್ಕಿಂತ ಎತ್ತೋದೇ ಹೆಚ್ಚು. ಹಳೆ ಮಂಗಳೂರು ಹಂಚಿನ ಮಾಡಿನಲ್ಲಿ ಸಂದುಗಳಿರುತ್ತವೆ, ಒಳಗಿನ ಒತ್ತಡ ಹೊರಗೆ ಹೋಗುತ್ತೆ. ನಾಲ್ಕು ಹಂಚು ಹಾರುತ್ತೆ, ಮಾಡು ಉಳಿಯುತ್ತೆ. ಟೆರೇಸಿನ ಸೋರಿಕೆ ತಪ್ಪಿಸೋಕೆ ಕಬ್ಬಿಣದ ಕಂಬ ನಿಲ್ಲಿಸಿ ಹಾಕಿದ ತಗಡು ಶೀಟ್ ಇದೆಯಲ್ಲ, ಅದು ಮಾತ್ರ ಹಾಯಿಯ ಹಾಗೆ. ಒಂದು ಮೂಲೆ ಕಳಚಿದರೆ ಪೂರ್ತಿ ಹಾರಿ ಇನ್ಯಾರದೋ ಅಂಗಳದಲ್ಲಿ ಬೀಳುತ್ತೆ. ಮೇ ತಿಂಗಳ ಗಾಳಿ ಮೂಡಣದಿಂದ ಬರೋದರಿಂದ ಶೀಟಿನ ಆ ಕಡೆಯ ಬೋಲ್ಟುಗಳನ್ನು ಮಾರ್ಚ್‌ನಲ್ಲೇ ಬಿಗಿ ಮಾಡಿಸಿ. ಜೂನ್ ಮಳೆಗೆ ಅಂತ ಪಡು ಬದಿ ಮಾತ್ರ ಭದ್ರ ಮಾಡೋದು ಎಲ್ಲರ ಅಭ್ಯಾಸ. ಪಕ್ಕಾ ಮನೆಗೆ ಭಾಗಶಃ ಹಾನಿ ಅಂದ್ರೆ ನಿಯಮದಲ್ಲಿ 6,500 ರೂಪಾಯಿ, ದನದ ಕೊಟ್ಟಿಗೆಗೆ 3,000.

ಕರೆಂಟಿನ ವಿಷಯಕ್ಕೆ ಮಾತ್ರ ನಿಧಾನ ಮಾಡಬೇಕು, ಜೀವದ ಪ್ರಶ್ನೆ. ಒಂದು ಮರ ತಂತಿ ಮೇಲೆ ಬಿದ್ದರೆ ಆ ತಂತಿ ಆಚೀಚೆಯ ಕಂಬಗಳನ್ನೂ ಎಳೆಯುತ್ತೆ. ಒಂದಕ್ಕೆ ಹತ್ತು ಕಂಬ ಮಲಗೋದು ಹೀಗೆ. ಇಲ್ಲಿ ಲೈನ್ ಹೋಗಿರೋದೇ ಕಾಡು, ತೋಟಗಳ ನಡುವೆ. ಮೆಸ್ಕಾಂ ಲೈನ್‌ಮನ್‌ಗಳು ಜಿಗಣೆ ಕಡಿಸಿಕೊಂಡು, ಕಂಬ ಹೆಗಲ ಮೇಲೆ ಹೊತ್ತು ಹೋಗುವ ಜಾಗಗಳಿವೆ. ಅವರಿಗೆ ಬೈಯುವ ಮೊದಲು ಒಂದು ಕೆಲಸ ಮಾಡಿ. ಜನರೇಟರ್ ಇರುವವರು ಮೇನ್ ಸ್ವಿಚ್ ತೆಗೆಯದೆ ಅದನ್ನು ಓಡಿಸಬೇಡಿ. ನಿಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗಿ ಕಂಬದ ಮೇಲಿರುವವನನ್ನು ಕೊಲ್ಲುತ್ತೆ. ತೋಟದಲ್ಲಿ ಬಿದ್ದ ತಂತಿಯನ್ನು ಸತ್ತ ತಂತಿ ಅಂತ ಯಾರೂ ತೀರ್ಮಾನಿಸಬಾರದು. 1912ಕ್ಕೆ ಹೇಳಿ, ಅವರು ಬಂದು ಹೇಳುವವರೆಗೆ ಆ ಕಡೆ ದನವನ್ನೂ ಬಿಡಬೇಡಿ.

ರಸ್ತೆ ತೆರೆಯೋರು ಯಾರು? ಊರವರೇ. ಇಲಾಖೆಯ ಗಾಡಿ ಬರೋ ಹೊತ್ತಿಗೆ ಗರಗಸ ಮೆಷಿನ್ ಹಿಡಿದ ನಾಲ್ಕು ಹುಡುಗರು ಅರ್ಧ ಕೆಲಸ ಮುಗಿಸಿರ್ತಾರೆ. ಆ ಸೀಮೆಯಲ್ಲಿ ಇದು ಹೊಸದಲ್ಲ. ಹಾಗಂತ ಎಲ್ಲವನ್ನೂ ಬೇಗ ಕಡಿದು ಸ್ವಚ್ಛ ಮಾಡೋದರಲ್ಲಿ ಒಂದು ಅಪಾಯ ಇದೆ. ಸಾಕ್ಷಿ ಹೋಗುತ್ತೆ. ತೋಟದ ಮರಗಳನ್ನು ಮುಟ್ಟುವ ಮೊದಲು ಫೋಟೋ ತೆಗೀರಿ. ದಿನಾಂಕ, ಜಾಗ ಕಾಣುವ ಹಾಗೆ, ಸರ್ವೆ ನಂಬರ್‌ವಾರು, ಬಿದ್ದ ಬುಡಗಳನ್ನು ಎಣಿಸಿ ಬರೆದಿಡಿ. ಗ್ರಾಮ ಆಡಳಿತಾಧಿಕಾರಿ ಮತ್ತು ತೋಟಗಾರಿಕೆ ಇಲಾಖೆ, ಇಬ್ಬರಿಗೂ ಅರ್ಜಿ ಕೊಡಿ, ಸ್ವೀಕೃತಿ ಇಟ್ಕೊಳ್ಳಿ. ಪಹಣಿಯಲ್ಲಿ ಬೆಳೆ ಅಡಿಕೆ ಅಂತ ಇದೆಯಾ ಈಗಲೇ ನೋಡಿ, ಗಾಳಿ ಬಂದ ಮೇಲಲ್ಲ. ಕುಮ್ಕಿಯಲ್ಲಿ ತೋಟ ಮಾಡಿದವರ ಪಾಡು ಬೇರೆ. ಆ ಜಾಗದ ಪಹಣಿ ಸರ್ಕಾರದ ಹೆಸರಿನಲ್ಲಿ, ಮರ ಮಾತ್ರ ನಿಮ್ಮದು. ಪರಿಹಾರದ ಕಾಗದಕ್ಕೆ ಆ ಮರ ಕಾಣೋದೇ ಇಲ್ಲ. ಇದನ್ನು ಬಿಡಿಸಬೇಕಾದವರು ವಿಧಾನಸೌಧದಲ್ಲಿದ್ದಾರೆ, ಗ್ರಾಮ ಆಡಳಿತಾಧಿಕಾರಿಯನ್ನು ಬೈದು ಪ್ರಯೋಜನ ಇಲ್ಲ.

ಮತ್ತೆ ನೆಡುವವರು ಗಿಡ್ಡ ತಳಿಯ ಬಗ್ಗೆ ವಿಚಾರಿಸಿ. ವಿಟ್ಲದ ಸಿಪಿಸಿಆರ್‌ಐ ಕೇಂದ್ರ ಹಿರೇಹಳ್ಳಿ ಗಿಡ್ಡ ಅಡಿಕೆಯಿಂದ ಎರಡು ಸಂಕರ ತಳಿ ಮಾಡಿದೆ. ಮರ ಗಿಡ್ಡವಾದರೆ ಗಾಳಿಗೆ ಸಿಗೋದು ಕಡಿಮೆ, ಕೊಯ್ಲಿಗೆ ಮರ ಹತ್ತುವವರನ್ನು ಕಾಯುವ ತೊಂದರೆಯೂ ಕಡಿಮೆ. ಗದ್ದೆಬದಿಯಲ್ಲಿ, ಗುಡ್ಡದ ಕಡೆ ಅಂಚಿನಲ್ಲಿ ಗಾಳಿ ತಡೆಯೋಕೆ ಒಂದು ಸಾಲು ಬೇರೆ ಮರ ಇರಲಿ.

ಇನ್ನು ಬಿದ್ದ ಮರಕ್ಕಿಂತ ಉಳಿದ ಮರದ ಮಾತು. ಸಾಲಿನಲ್ಲಿ ಹತ್ತು ಮರ ಬಿದ್ದ ಜಾಗದಲ್ಲಿ ಆಕಾಶ ತೆರೆದುಕೊಳ್ಳುತ್ತೆ. ಅಲ್ಲಿಯವರೆಗೆ ನೆರಳಲ್ಲಿದ್ದ ಹಿಂದಿನ ಮರಗಳ ಕಾಂಡಕ್ಕೆ ಮಧ್ಯಾಹ್ನದ ಬಿಸಿಲು ನೇರ ಬಡಿಯುತ್ತೆ. ತೆಂಕು-ಪಡು ಬದಿಯ ಕಾಂಡ ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಉದ್ದಕ್ಕೆ ಸೀಳು. ಆ ಸೀಳಿನಲ್ಲೇ ಮುಂದಿನ ಮೇ ತಿಂಗಳ ಗಾಳಿಗೆ ಅದು ಮುರಿಯೋದು. ಮಳೆ ನಿಂತು ಬಿಸಿಲು ತೆಂಕಕ್ಕೆ ವಾಲುವ ಮೊದಲು, ಅಂದ್ರೆ ದೀಪಾವಳಿಯ ಒಳಗೆ, ಆ ಮರಗಳ ಕಾಂಡಕ್ಕೆ ಆ ಬದಿಯಲ್ಲಿ ಹಾಳೆಯನ್ನೋ ಸೋಗೆಯನ್ನೋ ಕಟ್ಟಬೇಕು. ಹಾಳೆ ತೋಟದಲ್ಲೇ ಬಿದ್ದಿರುತ್ತೆ. ಕಟ್ಟೋ ಜನ ಸಿಗೋದೇ ಕಷ್ಟ.